ಕೂರಿಸುವುದೇ ತಣಿಸುವುದು: ಉಪಗ್ರಹದ ಫಲಕಗಳ ಮೇಲಿನ ವಿದ್ಯುನ್ಮಾನ ಉಪಕರಣಗಳು

ಕಚೇರಿಯ ಗಣಕಯಂತ್ರದ ಎದುರು ಕುಳಿತು ಕೆಲಸ ಮಾಡುವವರಿಗೆ ಅದರೊಳಗಿನ ಪುಟ್ಟ ಫ್ಯಾನಿನ ಸದ್ದು ಎಷ್ಟು ರೂಢಿಯಾಗಿರುತ್ತದೆಯೆಂದರೆ, ಅದು ನಿಂತಾಗಲೇ ಅವರ ಗಮನ ಅತ್ತ ಹರಿಯುವುದು. ವಿದ್ಯುತ್ತನ್ನು ಬಳಸುವ ಉಪಕರಣವು ತಾನು ಪಡೆದ ಶಕ್ತಿಯ ಬಹುಪಾಲನ್ನು ಕೊನೆಗೆ ಶಾಖವಾಗಿಯೇ ಹೊರಗೆಡಹುತ್ತದೆ. ಭೂಮಿಯ ಮೇಲೆ ಆ ಶಾಖವನ್ನು ಹೊತ್ತೊಯ್ಯುವ ಕೂಲಿಯಾಳು ಗಾಳಿ. ಉಪಗ್ರಹವೊಂದು ಕಕ್ಷೆಯನ್ನು ಸೇರಿದ ಮೇಲೆ ಈ ಆಳು ಇಲ್ಲ. ಅಲ್ಲಿ ಫ್ಯಾನು ತಿರುಗಿದರೂ ಅದು ಬೀಸುವುದೇನನ್ನು? ಉಪಕರಣವು ಕೆಟ್ಟರೆ ಬಿಚ್ಚಿ ನೋಡುವವರೂ ಅಲ್ಲಿಲ್ಲ. ಈ ಸಮಸ್ಯೆಗೆ ತಂತ್ರಜ್ಞರು ಕಂಡುಕೊಂಡ ಉತ್ತರವು ಉಪಕರಣವನ್ನು ಫಲಕದ ಮೇಲೆ ಕೂರಿಸುವ ಬಗೆಯಲ್ಲಿಯೇ ಅಡಗಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಖವು ಸಾಗುವ ದಾರಿಗಳು ಮೂರು: ವಹನ, ಸಂವಹನ, ವಿಕಿರಣ. ಘನವಸ್ತುವಿನ ಮೂಲಕ ಸಾಗಿದರೆ ವಹನ. ಗಾಳಿ ಅಥವಾ ನೀರು ತಾನೇ ಚಲಿಸಿ ಕೊಂಡೊಯ್ದರೆ ಸಂವಹನ. ಯಾವ ಮಾಧ್ಯಮದ ಹಂಗೂ ಇಲ್ಲದೆ ಕಿರಣರೂಪದಲ್ಲಿ ಹೊರಟರೆ ವಿಕಿರಣ. ಭಾಷೆಯ ವಿದ್ಯಾರ್ಥಿಗಳು ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬಹುದು. ‘ಸಂವಹನ’ ಎಂಬ ಪದಕ್ಕೆ ಮಾತು, ಸಂದೇಶಗಳ ವಿನಿಮಯವೆಂಬ ಅರ್ಥವೂ ಬಳಕೆಗೆ ಬಂದಿದೆ. ಹೀಗಾಗಿ, ಸಂವಹನ ಉಪಗ್ರಹದೊಳಗೆ ಸಂವಹನವಿಲ್ಲ ಎಂದರೆ ಒಗಟಿನಂತೆ ಕೇಳಿಸುತ್ತದೆ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ಅದು ಅಕ್ಷರಶಃ ನಿಜ. ಉಳಿಯುವುದು ವಹನ ಮತ್ತು ವಿಕಿರಣಗಳೆರಡೇ.

ಮೊದಲಿಗರು ಈ ಕೊರತೆಯನ್ನು ನೇರವಾಗಿ ತುಂಬಲೆತ್ನಿಸಿದರು. 1957ರಲ್ಲಿ ಸೋವಿಯತ್ ಒಕ್ಕೂಟವು ಹಾರಿಸಿದ ಸ್ಪುಟ್ನಿಕ್-1, 58 ಸೆಂಟಿಮೀಟರು ವ್ಯಾಸದ ಮೊಹರಾದ ಗೋಳ. ಅದರಲ್ಲಿ ಸಾರಜನಕವನ್ನು ತುಂಬಿ, ಒಳಗೊಂದು ಫ್ಯಾನನ್ನೂ ಇರಿಸಿದ್ದರು. ಭೂಮಿಯ ಒಂದು ತುಣುಕು ವಾತಾವರಣವನ್ನೇ ಕಟ್ಟಿಕೊಂಡು ಹೋದಂತೆ. ಉಪಾಯವು ಸರಳವೇ ಆದರೂ ಅಂಥ ಪಾತ್ರೆ ಭಾರ, ಸೋರಿದರೆ ಸರ್ವನಾಶ. ಮುಂದೆ ತೆರೆದ ಫಲಕಗಳ ಮೇಲೆ ಉಪಕರಣಗಳನ್ನು ಜೋಡಿಸುವ ಪದ್ಧತಿಯೇ ಮೇಲುಗೈ ಪಡೆಯಿತು.

ಈ ಫಲಕದ ರಚನೆ ನೋಡತಕ್ಕದ್ದು. ಅಲ್ಯೂಮಿನಿಯಮ್ಮಿನ ಎರಡು ತೆಳು ಹಾಳೆಗಳು. ಅವುಗಳ ನಡುವೆ ಅದೇ ಲೋಹದ ಇನ್ನೂ ತೆಳುವಾದ ರೇಕಿನಿಂದ ಮಾಡಿದ ಷಟ್ಕೋನಾಕಾರದ ಜೇನುಗೂಡು. ಕೈಗೆ ಹಗುರ, ಬಾಗಿಸಹೋದರೆ ಬಾಗದು. ಆದರೆ ಹಗುರವಾದುದರಲ್ಲಿಯೇ ಎರಡು ತೊಡಕುಗಳಿವೆ. ಗೂಡಿನ ಟೊಳ್ಳಿನಲ್ಲಿ ಸ್ಕ್ರೂ ಕಚ್ಚಿ ನಿಲ್ಲದು; ಆದ್ದರಿಂದ ಪ್ರತಿಯೊಂದು ಸ್ಕ್ರೂವಿಗೂ ಫಲಕದಲ್ಲಿ ಒಂದು ಲೋಹದ ಗೂಟವನ್ನು ಅಂಟಿನಿಂದ ಭದ್ರಪಡಿಸಬೇಕು. ರಾಕೆಟ್ಟು ಮೇಲೇರುವಾಗಿನ ನಡುಕವನ್ನೆಲ್ಲ ಸಹಿಸಬೇಕಾದದ್ದು ಈ ಗೂಟವೇ. ಎರಡನೆಯದಾಗಿ, ತೆಳು ಹಾಳೆಯು ಶಾಖವನ್ನು ಪಕ್ಕಕ್ಕೆ ಹರಡುವುದರಲ್ಲಿ ದುರ್ಬಲ. ಉಪಕರಣದ ಅಡಿಯಲ್ಲಿ ಕಾದ ತಾಣ ಹಾಗೆಯೇ ಕಾದು ನಿಲ್ಲುತ್ತದೆ.

ಪೆಟ್ಟಿಗೆಯೊಳಗಿನ ಬಿಡಿಭಾಗದಲ್ಲಿ ಹುಟ್ಟಿದ ಶಾಖವು ಅದು ಕುಳಿತ ಹಲಗೆಗೆ, ಹಲಗೆಯಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಪೆಟ್ಟಿಗೆಯ ತಳಕ್ಕೆ, ತಳದಿಂದ ಫಲಕಕ್ಕೆ ಇಳಿಯಬೇಕು. ಈ ಸರಪಳಿಯಲ್ಲಿ ಕಡೆಯ ಕೊಂಡಿಯೇ ಅತ್ಯಂತ ಮೋಸದ್ದು. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳು ಒಂದರ ಮೇಲೊಂದು ಕುಳಿತಾಗ ನಿಜವಾಗಿ ತಗಲುವುದು ಅಲ್ಲೊಂದು ಇಲ್ಲೊಂದು ಸೂಕ್ಷ್ಮ ಉಬ್ಬುಗಳಲ್ಲಿ ಮಾತ್ರ. ಭೂಮಿಯ ಮೇಲೆ ನಡುವಣ ಸಂದುಗಳಲ್ಲಿ ಗಾಳಿಯಿದ್ದು ಒಂದಿಷ್ಟು ಶಾಖವನ್ನು ದಾಟಿಸುತ್ತದೆ. ನಿರ್ವಾತದಲ್ಲಿ ಆ ನೆರವೂ ಇಲ್ಲ. ಪ್ರಯೋಗಾಲಯದ ಮೇಜಿನ ಮೇಲೆ ಸುಖವಾಗಿದ್ದ ಪೆಟ್ಟಿಗೆ ಕಕ್ಷೆಯಲ್ಲಿ ಹಲವು ಡಿಗ್ರಿ ಹೆಚ್ಚು ಕಾಯುವುದು ಈ ಕಾರಣದಿಂದ. ಸ್ಕ್ರೂಗಳ ಸಂಖ್ಯೆ, ಅವುಗಳ ನಡುವಣ ಅಂತರ, ಬಿಗಿಯುವ ಬಲ, ತಳದ ಸಮತಲತೆ ಇವೆಲ್ಲವೂ ಭದ್ರತೆಗೆ ಎಷ್ಟೋ ತಂಪಿಗೂ ಅಷ್ಟೇ ಸಂಬಂಧಿಸಿದವು. ಸ್ಕ್ರೂವಿನ ಸುತ್ತ ಒತ್ತಡ ಹೆಚ್ಚು, ನಡುವೆ ಕಡಿಮೆ. ತಳ ತೆಳುವಾಗಿದ್ದರೆ ನಡುಭಾಗ ಉಬ್ಬಿ, ಶಾಖ ದಾಟಬೇಕಾದ ಕಡೆಯಲ್ಲಿಯೇ ಸಂದು ಬಿಡುತ್ತದೆ.

ಸಂದನ್ನು ತುಂಬಲು ನಮ್ಮ ರೇಡಿಯೋ ರಿಪೇರಿಯವರು ಬಳಸುವ ಬಿಳಿಯ ಗ್ರೀಸನ್ನೇ ಬಳಿಯಬಾರದೇಕೆ ಎಂದು ಕೇಳಬಹುದು. ಸಾಮಾನ್ಯ ಗ್ರೀಸು ನಿರ್ವಾತದಲ್ಲಿ ಆವಿಯಾಗಿ, ದೂರದರ್ಶಕದ ಮಸೂರದಂಥ ತಣ್ಣಗಿನ ಮೇಲ್ಮೈಗಳ ಮೇಲೆ ಹೋಗಿ ಕೂರುತ್ತದೆ. ಒಂದನ್ನು ತಣಿಸಹೋಗಿ ಇನ್ನೊಂದನ್ನು ಕುರುಡಾಗಿಸಿದಂತಾಗುತ್ತದೆ. ಆದ್ದರಿಂದ ಬಾಹ್ಯಾಕಾಶಕ್ಕೆ ಒಯ್ಯುವ ಪದಾರ್ಥಗಳನ್ನು 125 ಡಿಗ್ರಿಯಲ್ಲಿ 24 ಗಂಟೆ ನಿರ್ವಾತದಲ್ಲಿಟ್ಟು ಪರೀಕ್ಷಿಸುತ್ತಾರೆ. ತೂಕದ ನಷ್ಟ ಶೇಕಡಾ 1ನ್ನೂ, ಹೋಗಿ ಕೂರುವ ಅಂಶ ಶೇಕಡಾ 0.1ನ್ನೂ ಮೀರಬಾರದೆಂಬುದು ರೂಢಿಯ ಮಿತಿ. ಈ ಪರೀಕ್ಷೆಯನ್ನು ಗೆದ್ದ ಸಿಲಿಕೋನ್ ಲೇಪಗಳು, ಗ್ರಾಫೈಟ್ ಹಾಳೆ, ಮೆತ್ತನೆಯ ಇಂಡಿಯಂ ರೇಕು ಇಂಥವೇ ಬಳಕೆಗೆ ಅರ್ಹ.

ಫಲಕಕ್ಕೆ ಇಳಿದ ಶಾಖವನ್ನು ಹರಡುವುದು ಶಾಖಕೊಳವೆಯ ಕೆಲಸ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದ ಮೇಲೆ ಉಪಗ್ರಹಗಳಲ್ಲಿ ಇದಕ್ಕೆ ಬಹು ಬೇಗ ಸ್ಥಾನ ದೊರೆಯಿತು. ಒಳಮೈಯಲ್ಲಿ ಉದ್ದುದ್ದ ಗೀರುಗಳಿರುವ ಅಲ್ಯೂಮಿನಿಯಂ ಕೊಳವೆಯಲ್ಲಿ ಸ್ವಲ್ಪ ಅಮೋನಿಯಾ ತುಂಬಿ ಎರಡೂ ತುದಿಗಳನ್ನು ಮುಚ್ಚಿ, ಜೇನುಗೂಡಿನ ನಡುವೆ ಹುದುಗಿಸುತ್ತಾರೆ. ಉಪಕರಣದ ಅಡಿಯಲ್ಲಿ ಅಮೋನಿಯಾ ಆವಿಯಾಗುತ್ತದೆ. ಆವಿ ತಣ್ಣಗಿನ ತುದಿಗೆ ಹರಿದು ದ್ರವವಾಗಿ ಶಾಖವನ್ನು ಬಿಟ್ಟುಕೊಡುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಗೀರುಗಳು ದ್ರವವನ್ನು ಮರಳಿ ಬಿಸಿಯ ಕಡೆಗೆ ಎಳೆದು ತರುತ್ತವೆ. ತಿರುಗುವ ಭಾಗವಿಲ್ಲ, ವಿದ್ಯುತ್ತು ಬೇಡ. ತೂಕವಿಲ್ಲದ ನೆಲೆಯಲ್ಲಿ ಚೆನ್ನಾಗಿ ದುಡಿಯುವ ಇದು ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಮಾತ್ರ ಕಾಡುತ್ತದೆ: ಬಿಸಿಯ ತುದಿ ಕೆಲವೇ ಮಿಲಿಮೀಟರು ಮೇಲಾದರೂ ದ್ರವ ಅಲ್ಲಿಗೆ ಏರಲು ಒಲ್ಲದು.

ಕಡೆಯ ಹೆಜ್ಜೆ ವಿಕಿರಣದ್ದು. ಭೂಸ್ಥಿರ ಉಪಗ್ರಹದ ಉತ್ತರ ಮತ್ತು ದಕ್ಷಿಣ ಮುಖಗಳ ಮೇಲೆ ಬಿಸಿಲು ವರ್ಷದುದ್ದಕ್ಕೂ ಓರೆಯಾಗಿಯೇ, ಹೆಚ್ಚೆಂದರೆ 23.5 ಡಿಗ್ರಿ ಕೋನದಲ್ಲಿ, ಬೀಳುತ್ತದೆ. ಹೆಚ್ಚು ಕಾಯುವ ಉಪಕರಣಗಳನ್ನೆಲ್ಲ ಈ ಎರಡು ಫಲಕಗಳ ಒಳಮೈಗೆ ಬಿಗಿದು, ಹೊರಮೈಗೆ ಹಿಂಬದಿಯಲ್ಲಿ ಬೆಳ್ಳಿ ಲೇಪಿಸಿದ ತೆಳುಗಾಜಿನ ಬಿಲ್ಲೆಗಳನ್ನು ಅಂಟಿಸುತ್ತಾರೆ. ಬೆಳ್ಳಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಗಾಜು ಒಳಗಿನ ಶಾಖವನ್ನು ಅವಕೆಂಪು ಕಿರಣಗಳಾಗಿ ಹೊರಸೂಸುತ್ತದೆ. 40 ಡಿಗ್ರಿಯಲ್ಲಿರುವ ಇಂಥ ಒಂದು ಚದರ ಮೀಟರು ಸುಮಾರು 430 ವ್ಯಾಟ್ ಶಾಖವನ್ನು ಹೊರದೂಡಬಲ್ಲದು. ಉಳಿದ ಮುಖಗಳಿಗೆ ಹಲವು ಪದರಗಳ ಹೊದಿಕೆ. ಪತ್ರಿಕೆಗಳು ‘ಚಿನ್ನದ ಹಾಳೆ’ ಎಂದು ಬಣ್ಣಿಸುವುದು ಇದನ್ನೇ. ಬಹುಮಟ್ಟಿಗೆ ಅದು ಚಿನ್ನವಲ್ಲ, ಅಲ್ಯೂಮಿನಿಯಂ ಲೇಪದ ಮೇಲೆ ಕಾಣುವ ಜೇನುಬಣ್ಣದ ಪ್ಲಾಸ್ಟಿಕ್ಕು.

ಉಡುಪಿಯ ಬಳಿಯ ಅದಮಾರಿನವರಾದ ಯು. ಆರ್. ರಾವ್ ಇಸ್ರೋದ ಅಧ್ಯಕ್ಷರಾಗಿದ್ದಾಗ, 1992ರಲ್ಲಿ, ಬೆಂಗಳೂರಿನಲ್ಲಿ ನಿರ್ಮಾಣವಾದ ಇನ್ಸಾಟ್-2ಎ ಕಕ್ಷೆಯನ್ನು ಸೇರಿತು. ಅದರ ಚಿತ್ರಗಳಲ್ಲಿ ಒಂದು ಪಕ್ಕಕ್ಕೆ ಮಾತ್ರ ಸೌರಫಲಕ, ಇನ್ನೊಂದು ಪಕ್ಕಕ್ಕೆ ಉದ್ದನೆಯ ಕೋಲಿನ ತುದಿಯಲ್ಲಿ ಒಂದು ಪಟ ಕಾಣಿಸುತ್ತದೆ. ಕಾರಣ ತಂಪೇ. ಹವಾಮಾನ ಕ್ಯಾಮೆರಾದ ಅವಕೆಂಪು ಸಂವೇದಕವನ್ನು ಸೊನ್ನೆಗಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ ಇಡಲು ಉತ್ತರದ ಮುಖವು ಕಪ್ಪು ಆಕಾಶವನ್ನು ಅಡ್ಡಿಯಿಲ್ಲದೆ ನೋಡಬೇಕಾಗಿತ್ತು. ಅಲ್ಲೊಂದು ಕಾದ ಸೌರಫಲಕವನ್ನು ಚಾಚುವಂತಿರಲಿಲ್ಲ. ಒಂದೇ ಪಕ್ಕದ ಫಲಕದ ಮೇಲೆ ಬೀಳುವ ಬೆಳಕಿನ ಒತ್ತಡವನ್ನು ತೂಗಿಸಲು ಆ ಪಟ.

ಭೂಮಿಯಿಂದ 36,000 ಕಿಲೋಮೀಟರು ದೂರದಲ್ಲಿ ಸಲ್ಲುವ ಈ ಲೆಕ್ಕ ಎಲ್ಲೆಡೆಗೂ ಸಲ್ಲುವುದಿಲ್ಲ. ಚಂದ್ರಯಾನ-1 2008ರ ನವೆಂಬರಿನಲ್ಲಿ ಚಂದ್ರನಿಂದ ಕೇವಲ 100 ಕಿಲೋಮೀಟರು ಮೇಲಿನ ಕಕ್ಷೆಯನ್ನು ಸೇರಿತು. ನಡುಹಗಲಿನ ಚಂದ್ರನ ನೆಲ ಸುಮಾರು 120 ಡಿಗ್ರಿಯವರೆಗೆ ಕಾದು, ಬಿಸಿಲಿಗೆ ಸಮನಾದ ಶಾಖವನ್ನು ತಾನೇ ಅವಕೆಂಪಾಗಿ ಸೂಸುತ್ತದೆ. ಅವಕೆಂಪನ್ನು ಚೆನ್ನಾಗಿ ಹೊರಸೂಸುವ ಮೈ ಅದನ್ನು ಅಷ್ಟೇ ಚೆನ್ನಾಗಿ ಹೀರುತ್ತದೆ ಎಂಬುದು ನಿಸರ್ಗನಿಯಮ. ಬಿಸಿಲನ್ನು ಹಿಂದಟ್ಟುವ ಬೆಳ್ಳಿ ಇಲ್ಲಿ ನೆರವಿಗೆ ಬಾರದು. ಆ ತಿಂಗಳಿನ ಕೊನೆಯ ಹೊತ್ತಿಗೆ ನೌಕೆಯ ಉಷ್ಣತೆ 50 ಡಿಗ್ರಿಯ ಹತ್ತಿರ ಬಂದಿತು. ನೌಕೆಯನ್ನು 20 ಡಿಗ್ರಿ ಹೊರಳಿಸಿದರು, ಕೆಲವು ಉಪಕರಣಗಳನ್ನು ಆರಿಸಿಟ್ಟರು, ಉಷ್ಣತೆ ಇಳಿಯಿತು. ಮುಂದೆ ದಿಕ್ಕನ್ನು ಅರಿಯುವ ನಕ್ಷತ್ರ ಸಂವೇದಕಗಳು ಕೆಟ್ಟವು. 2009ರ ಮೇ ತಿಂಗಳಿನಲ್ಲಿ ಕಕ್ಷೆಯನ್ನು 200 ಕಿಲೋಮೀಟರಿಗೆ ಏರಿಸಲಾಯಿತು. ಚಂದ್ರನಿಂದ ಬಂದ ಶಾಖವು ಅಂದಾಜನ್ನು ಮೀರಿತ್ತೆಂದು ಇಸ್ರೋದವರು ನಂತರ ಹೇಳಿದರು. ಎರಡು ವರ್ಷ ದುಡಿಯಬೇಕಾಗಿದ್ದ ನೌಕೆಯ ಸಂಪರ್ಕ 2009ರ ಆಗಸ್ಟ್ 29ರಂದು ಕಡಿದುಹೋಯಿತು. ಅಷ್ಟರೊಳಗೆ ಅದರ ಉಪಕರಣಗಳು ಕಳಿಸಿದ್ದ ಮಾಹಿತಿಯಲ್ಲಿ ಚಂದ್ರನ ನೆಲದಲ್ಲಿ ನೀರಿನ ಕುರುಹು ಇರುವುದು ಮರುತಿಂಗಳು ಪ್ರಕಟವಾಯಿತು.