ಬದುಕಿ ಬಂದವರ ಕೊಡಗೆ

ಕಳೆದ ವಾರ ತರಗತಿಯಲ್ಲಿ ವೀರಗಲ್ಲುಗಳನ್ನು ಕುರಿತು ಪಾಠ ಹೇಳುತ್ತಿದ್ದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ ಎಂದು ವಿವರಿಸುತ್ತಿರುವಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಮಡಿದವನಿಗೆ ಕಲ್ಲು ನಿಂತಿತು ಸಾರ್, ಗಾಯಗೊಂಡು ಬದುಕಿ ಬಂದವನಿಗೆ?” ಎಂದು ಕೇಳಿದಳು. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದುದನ್ನು ಹೇಳಿದೆ. ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲವೆಂಬುದು ನನಗೂ ತಿಳಿದಿತ್ತು. ಮನೆಗೆ ಬಂದ ಮೇಲೆಯೂ ಮನಸ್ಸನ್ನು ಬಿಡದ ಆ ಪ್ರಶ್ನೆ ದೂರದ ನ್ಯೂಯಾರ್ಕ್ ನಗರದ ಅಗ್ನಿಶಾಮಕ ದಳದವರನ್ನು ನೆನಪಿಗೆ ತಂದಿತು.

2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ಕುಸಿದಾಗ ಆ ದಳದ 343 ಮಂದಿ ಮಡಿದರು. ಅವರ ಹೆಸರುಗಳನ್ನು ಸ್ಮಾರಕದ ಕಂಚಿನಲ್ಲಿ ಕೊರೆದಿದ್ದಾರೆ. ಉಳಿದವರು ಒಡನಾಡಿಗಳ ದೇಹಗಳಿಗಾಗಿ ಆ ಅವಶೇಷದ ರಾಶಿಯನ್ನು ತಿಂಗಳುಗಟ್ಟಲೆ ಅಗೆದರು. ರಾಶಿಯೊಳಗಿನ ಬೆಂಕಿ ಡಿಸೆಂಬರಿನವರೆಗೂ ಆರಲಿಲ್ಲ. ಪುಡಿಯಾದ ಸಿಮೆಂಟು, ಗಾಜಿನ ನಾರು, ಆಸ್‌ಬೆಸ್ಟಾಸ್ ಬೆರೆತ ಅಲ್ಲಿಯ ಧೂಳು ಸುಣ್ಣದಂತೆ ಕ್ಷಾರಗುಣವುಳ್ಳದ್ದು. ಮೊದಲ ದಿನಗಳಲ್ಲಿ ಎಷ್ಟೋ ಮಂದಿ ತಕ್ಕ ಮುಖಕವಚವಿಲ್ಲದೆಯೇ ಅದನ್ನು ಉಸಿರಾಡಿದರು.

ದಳದವರ ಶ್ವಾಸಪರೀಕ್ಷೆ ಮೊದಲಿನಿಂದಲೂ ನಡೆದುಬಂದಿದ್ದುದರಿಂದ ನಷ್ಟವನ್ನು ಅಳೆಯುವುದು ಸಾಧ್ಯವಾಯಿತು. ವಯೋಧರ್ಮದಿಂದ 12 ವರ್ಷಗಳಲ್ಲಿ ಕುಗ್ಗಬೇಕಾದಷ್ಟು ಶ್ವಾಸಶಕ್ತಿ ಅವರಲ್ಲಿ ಸರಾಸರಿ ಒಂದೇ ವರ್ಷದಲ್ಲಿ ಕುಗ್ಗಿತ್ತು. ಮುಂದಿನ ಆರು ವರ್ಷಗಳಲ್ಲಿಯೂ ಬಹುಮಟ್ಟಿಗೆ ಮರಳಲಿಲ್ಲ. ಭಾರ ಹೊತ್ತು ಅಂತಸ್ತಿನ ಮೇಲೆ ಅಂತಸ್ತು ಏರುತ್ತಿದ್ದವನಿಗೆ ತನ್ನ ಮನೆಯ ಮೆಟ್ಟಿಲೇ ಬೆಟ್ಟವಾದರೆ ಅವನ ಬಾಳು ಎಂಥದು? ಬಿಡದ ಕೆಮ್ಮು, ಅವಧಿಗೆ ಮುನ್ನವೇ ನಿವೃತ್ತಿ, ನಿದ್ರೆಗೆಡಿಸುವ ನೆನಪುಗಳು, ವರ್ಷಗಳ ಬಳಿಕ ತಲೆದೋರುವ ಕ್ಯಾನ್ಸರ್ ರೋಗ — ಇವೆಲ್ಲ ಅವರ ಪಾಲಿಗೆ ಬಂದುವು. 2023ರ ಸೆಪ್ಟೆಂಬರಿನಲ್ಲಿ, ಈ ರೋಗಗಳಿಂದ ತೀರಿಕೊಂಡ ದಳದವರ ಸಂಖ್ಯೆಯೂ 343ನ್ನು ಮುಟ್ಟಿತು. ಆಮೇಲೆ ಅದನ್ನು ಮೀರಿತು. ಗೋಪುರಗಳ ಕುಸಿತ ಒಂದು ದಿನದಲ್ಲಿ ಒಯ್ದಷ್ಟು ಪ್ರಾಣಗಳನ್ನು ಅದರ ಧೂಳು 22 ವರ್ಷಗಳಲ್ಲಿ ಒಯ್ದಿತ್ತು.

ರಕ್ಷಣೆಗೆ ಹೋದವರೂ ಸೇರಿದಂತೆ ಸಂತ್ರಸ್ತರ ಚಿಕಿತ್ಸೆಯ ಹೊಣೆಯನ್ನು ಅಮೆರಿಕದ ಸರಕಾರ ಕಾನೂನಿನ ಮೂಲಕ ಹೊತ್ತದ್ದು 2011ರ ಜನವರಿಯಲ್ಲಿ. ಅಷ್ಟರೊಳಗೆ ಕಾಯಲಾರದೆ ಹೋದವರೂ ಉಂಟು. 2015ರಲ್ಲಿ ಅದರ ಅವಧಿಯನ್ನು 2090ರವರೆಗೆ ವಿಸ್ತರಿಸಿದರು. ಅಂದು ಇಪ್ಪತ್ತರ ಹರೆಯದಲ್ಲಿ ಧೂಳಿಗಿಳಿದವನ ಆಯುಸ್ಸು ತೀರಿದರೂ ತೀರದ ಅವಧಿಯಿದು. ಒಂದು ದಿನದ ಸಾಹಸಕ್ಕೆ ಸಮಾಜ ಎಷ್ಟು ಕಾಲ ಋಣಿಯೆಂಬುದನ್ನು ಇಲ್ಲಿ ಲೆಕ್ಕ ಹಾಕಿ ಬರೆದಂತಿದೆ.

ತಡವಾಗಿಯಾದರೂ ಇದು ಬದುಕಿ ಬಂದವರಿಗೆ ಬಿಟ್ಟ ಕೊಡಗೆಯಲ್ಲವೆ? ನಾಳೆ ತರಗತಿಯಲ್ಲಿ ಆ ವಿದ್ಯಾರ್ಥಿನಿಗೆ ಇದನ್ನೇ ಹೇಳಬೇಕೆಂದಿದ್ದೇನೆ.