ಮಡಚುವ ಮಂಚ, ಅವ್ವನ ಕೌದಿ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನು ಸೋಫಾ ಕಂ ಬೆಡ್ಡಿನ ಮೇಲೆ ಒಂದು ರಾತ್ರಿಯನ್ನೂ ಕಳೆದಿರಲಾರ. ಹಗಲು ಆಸನವಾಗಿ, ಇರುಳು ಶಯ್ಯೆಯಾಗಿ ಎರಡು ವೇಷ ಧರಿಸುವ ಈ ವಸ್ತು ಇಕ್ಕಟ್ಟಾದ ನಗರಗಳಿಗೆ ಹೇಳಿ ಮಾಡಿಸಿದುದು. ನ್ಯೂಯಾರ್ಕಿನಲ್ಲಿ 1931ರಲ್ಲಿ ಅಂಗಡಿ ತೆರೆದ ಬರ್ನಾರ್ಡ್ ಕ್ಯಾಸ್ಟ್ರೊ ಎಂಬಾತ ಮಡಚುವ ಸೋಫಾಗಳಿಂದಲೇ ಹೆಸರಾದ. ಕಬ್ಬಿನ ಸೀಮೆಯಾದ ಹಾರೂಗೇರಿಯಲ್ಲಿರುವ ನಮ್ಮ ಎರಡು ಕೋಣೆಯ ಬಾಡಿಗೆ ಮನೆಗೂ ಅದರ ವಂಶದ ಕುಡಿಯೊಂದು ಬಂದು ಸೇರಿತು.

ಕಳೆದ ಚಳಿಗಾಲದಲ್ಲಿ ಹಳ್ಳಿಯಿಂದ ಬಂದ ಅವ್ವನಿಗೆ ಅದನ್ನೇ ಬಿಡಿಸಿ ಹಾಸಿಕೊಟ್ಟೆ. ಬೆಳಿಗ್ಗೆ ಕೇಳಿದರೆ, “ಚೊಲೊ ನಿದ್ದಿ ಹತ್ತಿತಪಾ” ಎಂದಳು. ಮೂರನೆಯ ರಾತ್ರಿ ನೀರು ಕುಡಿಯಲೆಂದು ಎದ್ದಾಗ ನಿಜ ಕಂಡಿತು. ಅವ್ವ ಸೋಫಾದ ಪಕ್ಕದಲ್ಲಿ, ತಣ್ಣನೆಯ ಫರಸಿಯ ಮೇಲೆ ತಾನು ತಂದಿದ್ದ ಕೌದಿಯನ್ನು ಹಾಸಿಕೊಂಡು, ಸೆರಗು ಹೊದ್ದು ಮುದುಡಿ ಮಲಗಿದ್ದಳು. ಮಗನ ಮನಸ್ಸು ನೋಯಬಾರದೆಂದು ನಾವು ಏಳುವ ಮೊದಲೇ ಎದ್ದು ಮೇಲೆ ಕುಳಿತುಬಿಡುತ್ತಿದ್ದಳು.

ಮಾರನೆಯ ರಾತ್ರಿ ಅವ್ವನನ್ನು ಒಳಕೋಣೆಗೆ ಕಳುಹಿಸಿ ನಾನೇ ಅಲ್ಲಿ ಮಲಗಿದೆ. ಮಡಿಕೆಯ ಸಂದು ಸರಿಯಾಗಿ ಸೊಂಟದ ಕೆಳಗೆ. ಅದರಡಿಯ ಕಬ್ಬಿಣದ ಪಟ್ಟಿ ಬೆನ್ನಿಗೆ. ದಿನವೂ ಕುಳಿತು ಕುಳಿತು ತಗ್ಗಿದ ಫೋಮಿನಿಂದ ಮೈ ಒಂದು ಕಡೆಗೆ ಜಾರುತ್ತಿತ್ತು. ಮೇಲಾಗಿ ಫೋಮು ಹತ್ತಿಯಂತೆ ಬೆವರನ್ನು ಹೀರದು. ಮೈಯ ಕಾವನ್ನು ಹಿಡಿದಿಟ್ಟು ಮೈಗೇ ಮರಳಿಸುತ್ತದೆ.

ನಿದ್ದೆ ಬಾರದಿದ್ದಾಗ ಕನ್ನಡ ಮೇಷ್ಟರಿಗೆ ನೆನಪಾಗುವುದು ಶರಶಯ್ಯೆಯೇ. ನಮಗೆ ಬಹುದೂರವಲ್ಲದ ಮುಧೋಳದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಆ ಶಯ್ಯೆಯ ಬಳಿಗೇ ಕರೆತರುತ್ತಾನೆ. ವ್ಯಾಸಭಾರತದಲ್ಲಿ, ಭೀಷ್ಮನ ತಲೆ ಆಸರೆಯಿಲ್ಲದೆ ಜೋಲುತ್ತಿದ್ದಾಗ ಅರಸರು ಮೆತ್ತನೆಯ ದಿಂಬುಗಳನ್ನು ತಂದರು. ಆತ ಅವನ್ನೊಲ್ಲದೆ ಅರ್ಜುನನ ಕಡೆ ನೋಡಿದ. ಅರ್ಜುನ ಮೂರು ಬಾಣಗಳನ್ನು ನೆಟ್ಟು ತಲೆಗೆ ಆಸರೆ ಕೊಟ್ಟ. ಅಲ್ಲಿರುವುದು ವೀರಧರ್ಮದ ಮಾತು, ನಿಜ. ಆದರೆ ಆ ರಾತ್ರಿ ನನಗೆ ಅದರಲ್ಲಿ ಹಾಸಿಗೆಯ ಧರ್ಮವೂ ಕಂಡಿತು: ಮೊದಲು ಬೇಕಾದುದು ಆಸರೆ, ಮೆದುವು ಆಮೇಲೆ.

ಬೆಳಗಾದ ಮೇಲೆ ಅವ್ವನೂ ನಾನೂ ಕೆಲಸಕ್ಕೆ ತೊಡಗಿದೆವು. ಹಳೆಯ ಧೋತರವನ್ನು ಬಿಗಿಯಾಗಿ ಸುತ್ತಿ ಸಂದಿನಲ್ಲಿ ತುರುಕಿದೆವು. ತಗ್ಗಿದ ಕಡೆ ಜಮಖಾನೆಯನ್ನು ಮಡಿಸಿಟ್ಟು ಮಟ್ಟ ಮಾಡಿದೆವು. ಅದರ ಮೇಲೆ ಕಂಬಳಿ ಹಾಸಿದೆವು. ಅದರ ಒರಟು ಉಣ್ಣೆ ಮೇಲಿನ ಹಾಸಿಗೆಯನ್ನು ಜಾರಗೊಡದು. ಕಂಬಳಿಯ ಮೇಲೆ, ಮಧ್ಯಾಹ್ನವೆಲ್ಲ ಬಿಸಿಲಿಗೆ ಹಾಕಿ ತೇವವಾರಿ ಅರಳಿದ ತೆಳುವಾದ ಹತ್ತಿಯ ಗಾದಿ. ಎಲ್ಲಕ್ಕೂ ಮೇಲೆ ಅವ್ವನ ಕೌದಿ.

ಕೌದಿಯೆಂದರೆ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ದಾರವೋಡಿಸಿ ಹೊಲಿದ ಹಾಸುಹೊದಿಕೆ. ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದರ ಸೋದರಿಯರು. ಹೊತ್ತೊತ್ತಾಗಿ ಹಾಕಿದ ಹೊಲಿಗೆ ಪದರಗಳು ಒಂದೆಡೆ ಮುದ್ದೆಯಾಗದಂತೆ ತಡೆಯುತ್ತದೆ. ತೊಳೆದಷ್ಟೂ ಬಟ್ಟೆ ಮೃದುವಾಗುತ್ತದೆ. ಅವ್ವ ಅದರ ಅಂಚಿನ ಬಿಳಿಯ ತುಂಡೊಂದನ್ನು ಸವರಿ, “ಇದು ನಿಮ್ಮಪ್ಪನ ಧೋತರ” ಎಂದಳು. ಅಪ್ಪ ತೀರಿಕೊಂಡ ವರ್ಷ ಅವಳು ಹೊಲಿದ ಕೌದಿ ಅದೆಂಬುದು ನನಗೆ ಅಂದೇ ತಿಳಿದದ್ದು.

ಅಂದಿನ ರಾತ್ರಿ ಎರಡು ಸಲ ಎದ್ದು ಇಣುಕಿದೆ. ಅವ್ವ ಮೇಲೆಯೇ ಇದ್ದಳು, ಕಾಲು ಚಾಚಿ ಮಲಗಿದ್ದಳು.

ಊರಿಗೆ ಹೊರಟ ದಿನ ಕೌದಿಯನ್ನು ಅವಳ ಚೀಲಕ್ಕೆ ತುಂಬಹೋದೆ. ಕೈಹಿಡಿದು ತಡೆದಳು: “ಇಲ್ಲೇ ಇರಲಿ ಬಿಡಪಾ. ಮತ್ತ ಬಂದಾಗ ಬೇಕಾಗತೈತಿ.” ನಮ್ಮ ಮನೆಯಲ್ಲಿ ತನಗೊಂದು ಹಾಸಿಗೆಯಿದೆಯೆಂದು ಅವ್ವ ಒಪ್ಪಿಕೊಂಡದ್ದು ಆ ಮಾತಿನಲ್ಲಿ.