ವಸಂತದ ಕೈತೋಟ ಮತ್ತು ಮನೆಯ ಆರೋಗ್ಯ

ಫಾಲ್ಗುಣ ಕಳೆಯುತ್ತಿದ್ದಂತೆ ಬೇಗಂ ಬಜಾರಿನ ಇಕ್ಕಟ್ಟಾದ ಗಲ್ಲಿಗಳಿಗೂ ವಸಂತನು ಆಗಮಿಸುತ್ತಾನೆ. ಕೆಳಗೆ ಅಂಗಡಿ, ಮೇಲೆ ವಸತಿ. ಹಿತ್ತಲಿಲ್ಲದವರಿಗೆ ಮಾಳಿಗೆಯ ಮೇಲಣ ಕುಂಡಗಳೇ ಕೈತೋಟ. ಚಳಿಗಾಲದಲ್ಲಿ ಸವರಿದ ಮಲ್ಲಿಗೆಯು ಈಗ ಹೊಸ ಕುಡಿಗಳನ್ನು ಬಿಟ್ಟು, ಅವುಗಳ ತುದಿಯಲ್ಲಿ ಮೊಗ್ಗು ತಳೆಯುತ್ತದೆ. ಯುಗಾದಿಯ ವೇಳೆಗೆ ಬೇವು ಹೂವಾಗುತ್ತದೆ. ಸಂಜೆ ಗಿಡಗಳಿಗೆ ನೀರೆರೆದು, ಆ ಪರಿಮಳದಲ್ಲಿ ಅರೆಗಳಿಗೆ ಕುಳಿತರೆ ದಿನದ ದಣಿವು ಹಗುರಾಗುತ್ತದೆ.

ಆದರೆ ಎರೆದ ನೀರಿನ ಮೇಲೆ ಗಮನವಿರಲಿ. ಕುಂಡದ ಅಡಿಯ ತಟ್ಟೆಯಲ್ಲಿ ನಿಂತ ನೀರು ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ತವರುಮನೆ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯು ಸೊಳ್ಳೆಯಾಗಿ ಹಾರಲು 7ರಿಂದ 10 ದಿನ ಸಾಕು. ನೀರನ್ನು ಚೆಲ್ಲಿದ ಮಾತ್ರಕ್ಕೆ ಕೆಲಸ ಮುಗಿಯದು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದು ಮಳೆಗಾಲವನ್ನು ಕಾಯಬಲ್ಲವು. ಆದುದರಿಂದ ವಾರಕ್ಕೊಮ್ಮೆ ತಟ್ಟೆಗಳನ್ನು ಚೆನ್ನಾಗಿ ತಿಕ್ಕಿ ತೊಳೆದು, ಬಿಸಿಲಿನಲ್ಲಿ ಬೋರಲಿಡಬೇಕು. ನೀರಿನ ತೊಟ್ಟಿ, ಪೀಪಾಯಿಗಳನ್ನು ಬಿಗಿಯಾಗಿ ಮುಚ್ಚಬೇಕು. ಈ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ರಕ್ಷಣೆಯಾಗದು.

ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ಅವರು 1897ರ ಆಗಸ್ಟ್ 20ರಂದು ಕಂಡುದು ನಮ್ಮ ನೆರೆಯ ಸಿಕಂದರಾಬಾದಿನಲ್ಲಿಯೇ. ಸೊಳ್ಳೆಗೂ ಜ್ವರಕ್ಕೂ ಇರುವ ನಂಟನ್ನು ಜಗತ್ತಿಗೆ ತಿಳಿಸಿದ ಈ ಅವಳಿ ನಗರದಲ್ಲಿ ವಾಸಿಸುವ ನಾವು ಅದನ್ನು ಮರೆಯಲಾಗದು. ಮಲ್ಲಿಗೆಯ ಮೊಗ್ಗು ಬಿಡಿಸುವ ಕೈಯೇ ವಾರಕ್ಕೊಮ್ಮೆ ಕುಂಡದ ತಟ್ಟೆಯನ್ನೂ ತೊಳೆಯಲಿ. ಮನೆಯ ಮಕ್ಕಳಿಗೆ ವಸಂತವು ಹೂವನ್ನಷ್ಟೇ ತರಲಿ.